ಹಳೆಯ ಗಾಡಿ: ರಿಪೇರಿ ಮಾಡಿಸೋಣವೇ, ಬದಲಾಯಿಸೋಣವೇ?

ಮಳೆಗಾಲಕ್ಕೆ ಇನ್ನು ಒಂದು ತಿಂಗಳಿದೆ ಎನ್ನುವಾಗ ಮಲೆನಾಡಿನ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತದೆ. ಒಂದು, ಹೆಂಚು ಕೈಯಾಡಿಸಿ ಆಯಿತೇ ಎಂದು. ಇನ್ನೊಂದು, ಈ ಗಾಡಿ ಇನ್ನೊಂದು ಮಳೆಗಾಲ ತಡೆದೀತೇ ಎಂದು. ಹೆಂಚಿನ ವಿಷಯದಲ್ಲಿ ಮನೆಯ ಹೆಂಗಸರ ಅಭಿಪ್ರಾಯವನ್ನು ಎಲ್ಲರೂ ಕೇಳುತ್ತಾರೆ. ಗಾಡಿಯ ವಿಷಯ ಬಂದಾಗ ಗಂಡಸರು ಗ್ಯಾರೇಜಿಗೆ ಹೋಗಿ, ಬಾನೆಟ್ ಎತ್ತಿ, ಮೆಕ್ಯಾನಿಕ್ ಜೊತೆ ಚಹಾ ಕುಡಿದು, ತೀರ್ಮಾನ ಮಾಡಿಕೊಂಡೇ ಮನೆಗೆ ಬರುತ್ತಾರೆ. ಆದರೆ ಆ ತೀರ್ಮಾನಕ್ಕೆ ಹಣ ಸಾಲದಿದ್ದಾಗ ಕಪಾಟಿನಿಂದ ಹೊರಬರುವುದು ಯಾರ ಬಳೆ? ಗಾಡಿಯ ಹಿಂದಿನ ಸೀಟಿನಲ್ಲಿ ಕೂರುವವರು ಯಾರ ಮಕ್ಕಳು? ಹಾಗಾಗಿ ಸಹೋದರಿಯರೇ, ಈ ಸಲ ಬಾನೆಟ್‌ನ ಒಳಗನ್ನು ನಾವೂ ಸ್ವಲ್ಪ ಇಣುಕಿ ನೋಡೋಣ.

ಕೆಮ್ಮಣ್ಣುಗುಂಡಿಯ ಕಡೆಯನ್ನೇ ತೆಗೆದುಕೊಳ್ಳಿ. ಸಮುದ್ರ ಮಟ್ಟದಿಂದ 1434 ಮೀಟರ್ ಎತ್ತರದ ಈ ಗಿರಿಧಾಮ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ತಂಗುದಾಣವಾಗಿತ್ತು. ಕೆಂಪು ಮಣ್ಣಿನ ಹೆಸರನ್ನು ಹೊತ್ತ ಈ ಬೆಟ್ಟದಿಂದಲೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿತ್ತು. ಪ್ರವಾಸಿಗರಿಗೆ ಇದು ಗುಲಾಬಿ ತೋಟ, ಝಡ್ ಪಾಯಿಂಟ್, ಹೆಬ್ಬೆ ಜಲಪಾತ. ಆದರೆ ಲಿಂಗದಹಳ್ಳಿಯಿಂದ ಮೇಲೆ, ಕಲ್ಲತ್ತಿಯ ಆಸುಪಾಸಿನ ಕಾಫಿ ತೋಟಗಳಲ್ಲಿ ಬದುಕುವವರಿಗೆ ಇದು ಬರೀ ಏರು, ಇಳಿಜಾರು ಮತ್ತು ತಿರುವುಗಳ ದಾರಿ. ಹೆರಿಗೆ ನೋವು ಬಂದರೆ ತರೀಕೆರೆಗೆ ಇಳಿಯಬೇಕು. ಮದುವೆ, ಮೌತ್ ಎಂದರೆ ಬೀರೂರು, ಕಡೂರು, ಚಿಕ್ಕಮಗಳೂರಿಗೆ ಹೋಗಬೇಕು. ಬಸ್ಸು ಇರುವ ಹೊತ್ತಿಗೆ ಕಾಯಿಲೆ ಬರುವುದಿಲ್ಲ. ಇಲ್ಲಿ ಗಾಡಿ ಎಂದರೆ ಶೋಕಿಯಲ್ಲ. ಆ್ಯಂಬುಲೆನ್ಸೂ ಅದೇ, ಶಾಲಾ ವ್ಯಾನೂ ಅದೇ, ಗೊಬ್ಬರದ ಮೂಟೆ ಹೊರುವುದೂ ಅದೇ.

ಇಂಥ ಎಲ್ಲ ಕೆಲಸಕ್ಕೂ ಒಗ್ಗುವ, ಮುಂದೆ ಜನ, ಹಿಂದೆ ಸಾಮಾನು ಎಂಬ ಗಾಡಿಗೆ ಅಮೆರಿಕದಲ್ಲಿ ಸ್ಟೇಷನ್ ವ್ಯಾಗನ್ ಎಂದು ಹೆಸರು. ರೈಲ್ವೇ ಸ್ಟೇಷನ್ನಿನಿಂದ ಜನರನ್ನೂ ಅವರ ಪೆಟ್ಟಿಗೆಗಳನ್ನೂ ತರುತ್ತಿದ್ದ ಬಂಡಿ ಅದು. ಇಂಗ್ಲೆಂಡಿನಲ್ಲಿ ಅದನ್ನೇ ಎಸ್ಟೇಟ್ ಕಾರ್ ಎಂದರು. ನಮ್ಮ ಎಸ್ಟೇಟುಗಳಿಗೆ ಎರಡು ಹೆಸರೂ ಒಪ್ಪುತ್ತವೆ ಬಿಡಿ. ಭಾರತದಲ್ಲಿ ಟಾಟಾ ಕಂಪೆನಿ 1992ರಲ್ಲಿ ಎಸ್ಟೇಟ್ ಎಂಬ ಹೆಸರಿನಲ್ಲೇ ಇಂಥ ಕಾರನ್ನು ತಂದಿತು. 2004ರಲ್ಲಿ ಇಂಡಿಗೋ ಮರೀನಾ ಬಂತು. ಎರಡೂ ಹೆಚ್ಚು ಕಾಲ ನಡೆಯಲಿಲ್ಲ. ನಮ್ಮ ಜನ ಆ ಕೆಲಸಕ್ಕೆ ಆರಿಸಿಕೊಂಡದ್ದು ಸುಮೋ, ಓಮ್ನಿ ಮತ್ತು ಕ್ವಾಲಿಸ್. ಟೊಯೊಟಾ ಕ್ವಾಲಿಸ್ ನಮ್ಮ ಬಿಡದಿಯಲ್ಲೇ ತಯಾರಾಗಿ 2000ದಲ್ಲಿ ಮಾರುಕಟ್ಟೆಗೆ ಬಂದ ಗಾಡಿ. 2005ರಲ್ಲಿ ಇನ್ನೋವಾ ಬಂದಾಗ ಅದರ ತಯಾರಿಕೆ ನಿಂತಿತು. ಸುಮೋ ಮತ್ತು ಓಮ್ನಿ 2019ರಲ್ಲಿ ನಿಂತವು. ಅಂದರೆ ಈಗ ರಸ್ತೆಯಲ್ಲಿರುವ ಅತ್ಯಂತ 'ಹೊಸ' ಕ್ವಾಲಿಸ್‌ಗೂ 20 ವರ್ಷ ತುಂಬಿದೆ.

ಜೀಪಿನ ಮಾತೂ ಒಂದಿಷ್ಟು ಇರಲಿ. ಹೆಬ್ಬೆ ಜಲಪಾತದ ದಾರಿಯಲ್ಲಿ ಕುಣಿದುಕೊಂಡು ಹೋಗುವ ಜೀಪುಗಳನ್ನು ತಯಾರಿಸಿದ ಮಹೀಂದ್ರ ಕಂಪೆನಿ 1945ರಲ್ಲಿ ಆರಂಭವಾದಾಗ ಅದರ ಹೆಸರು ಮಹೀಂದ್ರ ಅಂಡ್ ಮೊಹಮ್ಮದ್ ಎಂದಿತ್ತು. ಪಾಲುದಾರರಾಗಿದ್ದ ಮಲಿಕ್ ಗುಲಾಮ್ ಮೊಹಮ್ಮದ್ ದೇಶ ವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಕಂಪೆನಿಯ ಹೆಸರು ಬದಲಾಯಿತು. ಹಳೆಯ ಗಾಡಿಗಳಿಗೂ ಒಂದು ಇತಿಹಾಸವಿರುತ್ತದೆ. ಆದರೆ ಇತಿಹಾಸ ಬ್ರೇಕ್ ಹಿಡಿಯುವುದಿಲ್ಲವಲ್ಲ!

15 ವರ್ಷಕ್ಕೆ ಗುಜರಿಯೇ?

ಮೊದಲು ಒಂದು ಭಯವನ್ನು ನಿವಾರಿಸಬೇಕು. 15 ವರ್ಷ ಆದ ಗಾಡಿಯನ್ನು ಸರಕಾರ ಎಳೆದುಕೊಂಡು ಹೋಗುತ್ತದೆ ಎಂಬ ಮಾತು ಎಲ್ಲೆಡೆ ಹರಡಿದೆ. ಈ ಹೆದರಿಕೆಯಲ್ಲೇ ಒಳ್ಳೆಯ ಗಾಡಿಗಳನ್ನು ಸಿಕ್ಕ ಬೆಲೆಗೆ ಮಾರಿದವರಿದ್ದಾರೆ. ಡೀಸೆಲ್ ಗಾಡಿಗೆ 10 ವರ್ಷ, ಪೆಟ್ರೋಲ್ ಗಾಡಿಗೆ 15 ವರ್ಷ ಎಂಬ ಮಿತಿಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದದ್ದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ. ಅಲ್ಲಿನ ಹೊಗೆಯ ಕಾರಣಕ್ಕಾಗಿ ಬಂದ ಆದೇಶ ಅದು. ಕರ್ನಾಟಕದ ಖಾಸಗಿ ಗಾಡಿಗೆ ಅಂಥ ವಯೋಮಿತಿ ಇಲ್ಲ. ಇಲ್ಲಿ 15 ವರ್ಷಕ್ಕೆ ನೋಂದಣಿ ಮುಗಿಯುತ್ತದೆ. ಆರ್‌ಟಿಓ ಕಚೇರಿಯಲ್ಲಿ ಗಾಡಿಯನ್ನು ತೋರಿಸಿ, ಹಸಿರು ತೆರಿಗೆ ಕಟ್ಟಿ, ನವೀಕರಿಸಿಕೊಂಡರೆ ಮತ್ತೆ 5 ವರ್ಷ ಓಡಿಸಬಹುದು. ಆಮೇಲೂ ನವೀಕರಿಸಬಹುದು.

ಆದರೆ ಶುಲ್ಕ ಮೊದಲಿನಂತಿಲ್ಲ. ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000ಕ್ಕೆ ಏರಿಸಿದರು. ತಡವಾದರೆ ತಿಂಗಳಿಗೆ 500 ರೂಪಾಯಿಯಂತೆ ದಂಡ ಬೇರೆ. ಥರ್ಡ್ ಪಾರ್ಟಿ ವಿಮೆಯ ದರ ಗಾಡಿಯ ವಯಸ್ಸನ್ನು ನೋಡುವುದಿಲ್ಲ, ಎಂಜಿನ್ನಿನ ಗಾತ್ರವನ್ನು ನೋಡುತ್ತದೆ. 2022ರ ಜೂನ್‌ನಲ್ಲಿ ನಿಗದಿಯಾದಂತೆ 1,500 ಸಿಸಿ ಮೀರಿದ ಖಾಸಗಿ ಗಾಡಿಗೆ ವರ್ಷಕ್ಕೆ 7,897 ರೂಪಾಯಿ. ಓಮ್ನಿಯಂಥ ಸಾವಿರ ಸಿಸಿಗಿಂತ ಕೆಳಗಿನದಕ್ಕೆ 2,094. ಗ್ಯಾರೇಜಿನ ಚೀಟಿಯಲ್ಲಿ ಇವು ಬರುವುದಿಲ್ಲ. ಮನೆಯ ಲೆಕ್ಕದಲ್ಲಿ ಬರಬೇಕು.

ಮೂಗಿಗಿಂತ ಮೂಗುತಿ ಭಾರವೇ?

'ಗಾಡಿಯ ಬೆಲೆಯ ಅರ್ಧಕ್ಕಿಂತ ಹೆಚ್ಚು ರಿಪೇರಿ ಬಂದರೆ ಮಾರಿಬಿಡಿ' ಎಂದು ತಿಳಿದವರು ಹೇಳುವುದುಂಟು. ಮೂಗಿಗಿಂತ ಮೂಗುತಿ ಭಾರವಾಗಬಾರದು ಎಂಬ ಗಾದೆಯೂ ನೆನಪಾಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಈ ಸೂತ್ರ ನನಗೆ ಅಷ್ಟು ಒಪ್ಪಿಗೆಯಿಲ್ಲ. ನಿಮ್ಮ ಗಾಡಿಗೆ ಮಾರುಕಟ್ಟೆಯಲ್ಲಿ ಒಂದು ಲಕ್ಷ ಬೆಲೆ, ರಿಪೇರಿ 60 ಸಾವಿರ ಎಂದಿಟ್ಟುಕೊಳ್ಳೋಣ. ಮಾರಿದರೆ ಕೈಗೆ ಬರುವ ಒಂದು ಲಕ್ಷಕ್ಕೆ ಅಷ್ಟೇ ಭಾರ ಹೊರುವ, ಅಷ್ಟೇ ಜನ ಹಿಡಿಯುವ, ಕಾಯಿಲೆಯಿಲ್ಲದ ಇನ್ನೊಂದು ಗಾಡಿ ಸಿಗುತ್ತದೆಯೇ? ಸಿಗುವುದಿಲ್ಲ. ಹಾಗಾದರೆ ಹೋಲಿಸಬೇಕಾದದ್ದು ರಿಪೇರಿಯನ್ನೂ ಹಳೆಯ ಗಾಡಿಯ ಬೆಲೆಯನ್ನೂ ಅಲ್ಲ. ಇನ್ನು ಮುಂದಿನ ಎರಡು ವರ್ಷಕ್ಕೆ ಈ ಗಾಡಿಗೆ ಎಷ್ಟು ಬೇಕು, ಬದಲಿಗೆ ಬರುವ ಗಾಡಿಗೆ ಎಷ್ಟು ಬೇಕು ಎಂಬುದನ್ನು.

ಹಾಗೆಯೇ 'ಹೋದ ವರ್ಷವಷ್ಟೇ 40 ಸಾವಿರ ಸುರಿದಿದ್ದೇವೆ, ಈಗ ಬಿಡುವುದು ಹೇಗೆ' ಎಂಬ ಮಾತನ್ನೂ ಕೇಳಿರುತ್ತೀರಿ. ಸುರಿದದ್ದು ಸುರಿದಾಯಿತು. ಗಾಡಿ ಇಟ್ಟುಕೊಂಡರೂ ಮಾರಿದರೂ ಅದು ಮರಳಿ ಬರುವುದಿಲ್ಲ. ಚೆಲ್ಲಿದ ಹಾಲಿನ ಲೆಕ್ಕವನ್ನು ನಾಳೆಯ ಹಾಲಿನ ಲೆಕ್ಕಕ್ಕೆ ಸೇರಿಸಬಾರದು.

ಹೊಸದರ ಲೆಕ್ಕವನ್ನೂ ಬಿಡಿಸಿ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ ನಿಜ. ಆ ಜಾಹೀರಾತುಗಳನ್ನು ನೋಡಿದ ಮೇಲೆ ಎಷ್ಟೋ ಮನೆಗಳಲ್ಲಿ ಮಕ್ಕಳ ಒತ್ತಾಯ ಹೆಚ್ಚಾಗಿದೆ. 6 ಲಕ್ಷ ಸಾಲ, ಶೇ. 10 ಬಡ್ಡಿ, 5 ವರ್ಷ ಎಂದು ಹಿಡಿದರೆ ತಿಂಗಳ ಕಂತು 12,748 ರೂಪಾಯಿ ಬರುತ್ತದೆ. 60 ಕಂತು ಮುಗಿಯುವಾಗ ಕಟ್ಟಿದ್ದು 7 ಲಕ್ಷ 64 ಸಾವಿರಕ್ಕೂ ಹೆಚ್ಚು. ಅದರಲ್ಲಿ ಮೊದಲ ವರ್ಷದ ಬಡ್ಡಿಯೇ 55 ಸಾವಿರ ದಾಟುತ್ತದೆ. 'ಹೊಸದು ಮೈಲೇಜ್ ಕೊಡುತ್ತದೆ, ಡೀಸೆಲ್ ಉಳಿತಾಯದಲ್ಲೇ ಕಂತು ಹೋಗುತ್ತದೆ' ಎಂದು ಹೇಳುವವರಿಗೆ ಕಾಗದ, ಪೆನ್ನು ಕೊಡಿ. ವರ್ಷಕ್ಕೆ 6,000 ಕಿಲೋಮೀಟರ್ ಓಡುವ ಮನೆ, ಹಳೆಯದು ಲೀಟರಿಗೆ 11 ಕಿಲೋಮೀಟರ್, ಹೊಸದು 16, ಡೀಸೆಲ್ 90 ರೂಪಾಯಿ ಎಂದಾದರೆ ವರ್ಷದ ಉಳಿತಾಯ ಸುಮಾರು 15 ಸಾವಿರ. ಸರಿಯಾಗಿ ಒಂದು ಕಂತಿಗಿಂತ ಸ್ವಲ್ಪ ಹೆಚ್ಚು! ದಿನವೂ ನೂರು ಕಿಲೋಮೀಟರ್ ಓಡಿಸುವವರ ಲೆಕ್ಕ ಬೇರೆ. ನಮ್ಮ ಹೆಚ್ಚಿನ ಮನೆಗಳದ್ದು ಇದೇ.

ಬಡ್ಡಿಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಇರುವ ಅಳುಕನ್ನು ನಾನು ಇಲ್ಲಿ ವಿವರಿಸಬೇಕಾಗಿಲ್ಲ. ಅದರ ಬಗ್ಗೆ ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ಹೇಳಬೇಕಾದದ್ದು ಇನ್ನೊಂದಿದೆ. ಬಡ್ಡಿ ಬೇಡ ಎಂದ ಮನೆಯಲ್ಲಿ ಮುಂದಿನ ಮಾತು ಹೆಚ್ಚಾಗಿ 'ಆ ನೆಕ್ಲೇಸ್ ಸುಮ್ಮನೆ ಬಿದ್ದಿದೆಯಲ್ಲ' ಎಂಬುದೇ. ಮಹ್ರ್ ಆಗಿ ಬಂದ ಚಿನ್ನ ಹೆಣ್ಣಿನ ಸ್ವಂತ ಸೊತ್ತು. ಅವಳು ಮನಸ್ಸಿನಿಂದ ಕೊಟ್ಟರೆ ಕೊಡಬಹುದು, ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ. ಚಿನ್ನ ಇಟ್ಟಲ್ಲೇ ಇದ್ದರೂ ವರ್ಷಗಳಲ್ಲಿ ಬೆಲೆ ಏರಿಸಿಕೊಂಡಿದೆ. ಹೊಸ ಗಾಡಿ ಶೋರೂಮಿನ ಗೇಟು ದಾಟಿದ ದಿನದಿಂದಲೇ ಬೆಲೆ ಇಳಿಸಿಕೊಳ್ಳುತ್ತದೆ. ಏರುವುದನ್ನು ಕೊಟ್ಟು ಇಳಿಯುವುದನ್ನು ತರುವ ಮೊದಲು ಆ ಚಿನ್ನದ ಒಡತಿಯನ್ನು ಕೂರಿಸಿಕೊಂಡು ಮಾತನಾಡುವುದು ನ್ಯಾಯ. ಇಷ್ಟಾದ ಮೇಲೂ ಅವಳು ಕೊಟ್ಟಳೆಂದರೆ ಗಾಡಿಯ ನೋಂದಣಿ ಅವಳ ಹೆಸರಿನಲ್ಲಿ ಏಕಾಗಬಾರದು?

ಎಂಜಿನ್ ಅಲ್ಲ, ತುಕ್ಕು

ನನಗೆ ಪರಿಚಯದ ಒಂದು ಮನೆಯ ಸಂಗತಿ ಹೇಳುತ್ತೇನೆ. ಘಾಟಿಯ ಮೇಲಿನ ತೋಟವೊಂದರ ಮನೆ. 2004ರ ಕ್ವಾಲಿಸ್. ಏರಿನಲ್ಲಿ ಬಿಸಿಯಾಗಿ ನಿಂತಿತು. ಎಂಜಿನ್ ಹೆಡ್ ಬಿಚ್ಚಬೇಕೆಂದು ಮೆಕ್ಯಾನಿಕ್ ಹೇಳಿದ ಮೊತ್ತ ಕೇಳಿ ಮನೆಯಲ್ಲಿ ಎರಡು ಪಕ್ಷಗಳಾದವು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನಿಗೆ ಹೊಸದು ಬೇಕು. ತಂದೆಗೆ ಹಳೆಯದರ ಮೇಲೆ ಪ್ರೀತಿ. ಅವರ ಮಾತಿನಲ್ಲಿ ಅದು ಗಾಡಿಯಲ್ಲ, ಮನೆಯ ಎರಡನೇ ಮಗ. ವಾದ ಎಂಜಿನ್ನಿನ ಸುತ್ತಲೇ ಎರಡು ವಾರ ಸುತ್ತಿತು.

ಸೊಸೆ ಮಾತ್ರ ಬೇರೆಯೇ ಒಂದು ವಿಷಯ ಹೇಳಿದಳು. ಹಿಂದೆ ಎದುರುಬದುರಾಗಿರುವ ಅಡ್ಡ ಸೀಟಿನಲ್ಲಿ ಕೂತ ಮಕ್ಕಳ ಶಾಲೆಯ ಚೀಲ ಮಳೆಗಾಲದಲ್ಲಿ ಕೆಳಗಿನಿಂದ ಒದ್ದೆಯಾಗುತ್ತಿತ್ತು. ಮೇಲಿನಿಂದಲ್ಲ, ಕೆಳಗಿನಿಂದ. ಚಾಪೆ ಎತ್ತಿ ನೋಡಿದರೆ ತಗಡು ಬಿಸ್ಕತ್ತಿನಂತೆ ಪುಡಿಯಾಗಿದೆ. ಗಾಡಿಯನ್ನು ಎತ್ತಿ ಅಡಿಯಿಂದ ನೋಡಿಸಿದಾಗ ಹಿಂದಿನ ಪಟ್ಟಿ ಸ್ಪ್ರಿಂಗ್ ಚಾಸಿಗೆ ಸೇರುವ ಜಾಗವೂ ತುಕ್ಕು ತಿಂದು ತೆಳ್ಳಗಾಗಿತ್ತು. ಬಣ್ಣ ಬಳಿದ ಮೇಲ್ಮೈ ಮಾತ್ರ ಹಾಗೇ ಉಳಿದಿತ್ತು. ಎಂಜಿನ್ ಸರಿಯಾಗಿದ್ದರೆ ಆ ಗಾಡಿ ಇನ್ನೂ ಓಡುತ್ತಿತ್ತು. ಇಳಿಜಾರಿನಲ್ಲಿ ಎಂದಾದರೂ ಆ ಸ್ಪ್ರಿಂಗ್ ಕಿತ್ತು ಬರುತ್ತಿತ್ತು. ಅಂದರೆ ಎಲ್ಲರೂ ಹೆದರಿದ ಖರ್ಚು ನಿಜವಾದ ಕಾರಣವೇ ಅಲ್ಲ.

ಅವರು ಹೊಸದನ್ನು ಕೊಳ್ಳಲಿಲ್ಲ. ಕುಟುಂಬದ ಹೆಂಗಸರೇ ನಡೆಸುವ ಕಮಿಟಿಯ ಹಣ, ಕಾಳುಮೆಣಸು ಮಾರಿದ ಹಣ ಸೇರಿಸಿ, ಬಯಲುಸೀಮೆಯ ಊರಿನಲ್ಲಿ ಓಡಿದ, ಮಳೆಯನ್ನು ಹೆಚ್ಚು ಕಾಣದ ಐದಾರು ವರ್ಷದ ಗಾಡಿಯೊಂದನ್ನು ಹುಡುಕಿ ತಂದರು. ನೋಡಲು ಹೋದಾಗ ಸೊಸೆಯೂ ಹೋಗಿದ್ದಳು. ಮೊದಲು ಎತ್ತಿದ್ದು ಬಾನೆಟ್ಟನ್ನಲ್ಲ, ಚಾಪೆಯನ್ನು.

ಮಲೆನಾಡಿನಲ್ಲಿ ಗಾಡಿಗಳು ಸಾಯುವುದು ಹೀಗೆಯೇ. ಆರಿದ್ರಾ ಮಳೆಯಿಂದ ಹಿಡಿದು ಆಶ್ಲೇಷದವರೆಗೆ ಅಡಿಭಾಗಕ್ಕೆ ಅಂಟಿದ ಕೆಸರು ಒಣಗುವುದೇ ಇಲ್ಲ. ಎಂಜಿನ್, ಕ್ಲಚ್, ಗೇರ್ ಬಾಕ್ಸ್, ಡೈನಮೋ, ರೇಡಿಯೇಟರ್ ಇವೆಲ್ಲ ಬಿಚ್ಚಿ ಹಾಕಬಹುದಾದ ವಸ್ತುಗಳು. ಟಯರ್, ಬ್ಯಾಟರಿ, ಬ್ರೇಕ್ ಶೂ ಸವೆಯುವುದು ಹೊಸ ಗಾಡಿಯಲ್ಲೂ ಇದೆ. ಅವುಗಳ ಖರ್ಚನ್ನು ಗಾಡಿಯ ಮುಪ್ಪಿನ ಲೆಕ್ಕಕ್ಕೆ ಬರೆಯಬಾರದು. ಆದರೆ ಮೈಗೆ ಹತ್ತಿದ ತುಕ್ಕು ಹಾಗಲ್ಲ. ಸುಮೋ, ಕ್ವಾಲಿಸ್, ಜೀಪುಗಳಲ್ಲಿ ಅಡಿಯಲ್ಲಿ ಪ್ರತ್ಯೇಕ ಚಾಸಿ ಇರುತ್ತದೆ. ತುಕ್ಕು ಒಂದು ಕಡೆ ಮಾತ್ರ ಇದ್ದರೆ ಒಳ್ಳೆಯ ವೆಲ್ಡರ್ ತುಂಡು ಹಾಕಿ ಉಳಿಸಬಲ್ಲ. ಓಮ್ನಿ, ಮರೀನಾದಂಥವುಗಳಲ್ಲಿ ಬಾಡಿಯೇ ಚಾಸಿ. ಅಲ್ಲಿ ಬಾಗಿಲ ಕೆಳಗಿನ ಪಟ್ಟಿ, ಮುಂದಿನ ಶಾಕ್ ಅಬ್ಸಾರ್ಬರ್ ಕೂರುವ ಗೂಡು ಕೊಳೆತಿದ್ದರೆ ಮತ್ತೆ ಹಣ ಹಾಕುವುದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಒಂದು ಸ್ಕ್ರೂ ಡ್ರೈವರ್ ಹಿಡಿದು ಅಡಿಯ ಕಬ್ಬಿಣವನ್ನು ಅಲ್ಲಲ್ಲಿ ಗಟ್ಟಿಯಾಗಿ ಒತ್ತಲು ಹೇಳಿ. ಒಳಕ್ಕೆ ಹೋದರೆ ಉತ್ತರ ಸಿಕ್ಕಂತೆ.

ಘಾಟಿ ಇಳಿಯುವಾಗ

ಇನ್ನು ಬ್ರೇಕ್. ಈ ಒಂದು ವಿಷಯದಲ್ಲಿ ಲೆಕ್ಕಾಚಾರವೇ ಬೇಡ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಮಲೆನಾಡಿನ ಗಾಳಿಯಲ್ಲಿ ತೇವಕ್ಕೇನು ಬರ! ಹೊಸ ಡಾಟ್ 3 ದ್ರವ ಕುದಿಯಲು ಕನಿಷ್ಠ 205 ಡಿಗ್ರಿ ಬಿಸಿ ಬೇಕು. ನೀರು ಹೀರಿದ ಹಳೆಯ ದ್ರವ 140ರ ಸುಮಾರಿಗೇ ಕುದಿಯಬಹುದು. ಕೆಮ್ಮಣ್ಣುಗುಂಡಿಯಿಂದ ಕೆಳಗಿಳಿಯುವಾಗ ಉದ್ದಕ್ಕೂ ಕಾಲು ಬ್ರೇಕಿನ ಮೇಲೆಯೇ ಇದ್ದರೆ ಅಷ್ಟು ಬಿಸಿ ಹುಟ್ಟುತ್ತದೆ. ದ್ರವ ಕುದಿದು ಪೈಪಿನಲ್ಲಿ ಆವಿ ತುಂಬಿದರೆ ಪೆಡಲ್ ಸ್ಪಂಜಿನಂತೆ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. 'ಬ್ರೇಕ್ ಫೇಲ್' ಎಂದು ಪತ್ರಿಕೆಯಲ್ಲಿ ಓದುವ ಎಷ್ಟೋ ಸುದ್ದಿಗಳ ಒಳಗುಟ್ಟು ಇದೇ ಇರಬಹುದು. ಎರಡು ವರ್ಷಕ್ಕೊಮ್ಮೆ ಆ ದ್ರವವನ್ನು ಬದಲಿಸುವ ಖರ್ಚು ಒಂದು ಜೊತೆ ಚಪ್ಪಲಿಯಷ್ಟು. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಡ್ರೈವರುಗಳ ಪಾಠಕ್ಕೆ ಖರ್ಚೇ ಇಲ್ಲ.

ಟೈಮಿಂಗ್ ಬೆಲ್ಟ್ ಇರುವ ಡೀಸೆಲ್ ಗಾಡಿಯಾದರೆ ಅದನ್ನು ಬದಲಿಸಿದ ತಾರೀಕು, ಓಡಿದ ಕಿಲೋಮೀಟರ್ ಬರೆದಿಟ್ಟಿದ್ದಾರೆಯೇ ಕೇಳಿ. ಕ್ವಾಲಿಸ್‌ನಲ್ಲಿ ಅದು ಲಕ್ಷ ಕಿಲೋಮೀಟರ್ ಆಸುಪಾಸಿನ ಕೆಲಸ. ಬೆಲ್ಟ್ ತುಂಡಾದರೆ ಎಂಜಿನ್ನಿನ ಒಳಗಿನ ವಾಲ್ವ್‌ಗಳು ಹಾಳಾಗುತ್ತವೆ. ಪೆಟ್ರೋಲ್ ಗಾಡಿಯಾದರೆ ಈಗ ಬರುವ ಶೇ. 20 ಎಥನಾಲ್ ಬೆರೆತ ಪೆಟ್ರೋಲಿನಿಂದ ಕೆಲವು ಹಳೆಯ ಗಾಡಿಗಳಲ್ಲಿ ರಬ್ಬರಿನ ಭಾಗಗಳನ್ನು ಬದಲಿಸಬೇಕಾಗಬಹುದು ಎಂದು ಕೇಂದ್ರ ಸರಕಾರವೇ 2025ರಲ್ಲಿ ಒಪ್ಪಿಕೊಂಡಿದೆ. ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಬಂದರೆ ಅಸಡ್ಡೆ ಬೇಡ.

ಹಳೆಯ ಗಾಡಿಯ ಪರವಾಗಿ ಇಷ್ಟು ಮಾತನಾಡಿದವಳು ಅದರ ವಿರುದ್ಧವೂ ಒಂದು ಮಾತು ಹೇಳಲೇಬೇಕು. ರಿಪೇರಿಯಿಂದ ಕೂಡಿಸಲಾಗದ ಕೆಲವು ಸಂಗತಿಗಳಿವೆ. ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ಎಬಿಎಸ್ ನಮ್ಮ ದೇಶದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಚಾಲಕನಿಗೆ ಏರ್‌ಬ್ಯಾಗ್ ಅದೇ ವರ್ಷದ ಜುಲೈಯಿಂದ. ಪಕ್ಕದ ಸೀಟಿಗೆ ಬಂದದ್ದು 2022ರಲ್ಲಿ. 20 ವರ್ಷದ ಹೆಚ್ಚಿನ ಗಾಡಿಗಳಲ್ಲಿ ಇದಾವುದೂ ಇಲ್ಲ. ಹಿಂದಿನ ಅಡ್ಡ ಸೀಟಿನಲ್ಲಿ ಕೂತ ಮಗುವಿಗೆ ಹಿಡಿದುಕೊಳ್ಳಲು ಬೆಲ್ಟೂ ಇಲ್ಲ. ಗಾಡಿ ಉಳಿಸಿಕೊಳ್ಳುವುದೇ ಆದರೆ ಆ ಅಡ್ಡ ಸೀಟು ಮೂಟೆಗಳಿಗಿರಲಿ, ಮಕ್ಕಳು ಮಧ್ಯದ ಸೀಟಿಗೆ ಬರಲಿ. ಮಧ್ಯದ ಸೀಟಿನ ಬೆಲ್ಟು ಸೀಟಿನಡಿ ಹೂತು ಹೋಗಿದ್ದರೆ ಎಳೆದು ತೆಗೆಸಿ. ಹನ್ನೊಂದು ಜನ ತುಂಬಿಕೊಂಡು ಮದುವೆಗೆ ಹೋಗುವ ಅಭ್ಯಾಸದ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಕೆಲವು ಮನೆಗಳಲ್ಲಿ ಹೊಸದು ಬಂದ ಮೇಲೆ ಹಳೆಯದನ್ನು ಪ್ರವಾಸಿಗರಿಗೆ ಬಾಡಿಗೆಗೆ ಓಡಿಸೋಣ, ರಜಾ ದಿನಗಳಲ್ಲಿ ನಾಲ್ಕು ಕಾಸು ಬಂದೀತು ಎಂಬ ಯೋಚನೆಯಿದೆ. ಬಿಳಿ ಬೋರ್ಡಿನ ಖಾಸಗಿ ಗಾಡಿಯಲ್ಲಿ ಬಾಡಿಗೆ ಹೊಡೆಯುವುದು ಕಾನೂನಿಗೆ ವಿರುದ್ಧ. ಅಪಘಾತವಾದರೆ ವಿಮಾ ಕಂಪೆನಿ ಕೈ ತೊಳೆದುಕೊಳ್ಳಬಹುದು. ಆಗ ಪರಿಹಾರದ ಹೊರೆ ಆ ಮನೆಯ ತೋಟದ ಮೇಲೆ ಬೀಳುತ್ತದೆ.

ಮಾರುವುದೇ ಆದರೆ

ಗಾಡಿ ಪೂರ್ತಿ ಮುಗಿದಿದ್ದರೆ ದಾರಿಬದಿಯ ಗುಜರಿಯವನಿಗೆ ಕೊಡುವ ಮೊದಲು ಸರಕಾರದಲ್ಲಿ ನೋಂದಾಯಿತವಾದ ಗುಜರಿ ಕೇಂದ್ರದ ದರ ಕೇಳಿ. 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಗುಜರಿ ನೀತಿಯ ಪ್ರಕಾರ ಅಲ್ಲಿ ಗಾಡಿ ಒಪ್ಪಿಸಿದವರಿಗೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಹೊಸ ಗಾಡಿ ಕೊಳ್ಳುವಾಗ ಅದನ್ನು ತೋರಿಸಿದರೆ ರಿಯಾಯಿತಿಗಳಿಗೆ ಅವಕಾಶವಿದೆ. ನೋಂದಣಿ ರದ್ದಾದ ದಾಖಲೆ ಕೈಗೆ ಬರುವವರೆಗೆ ಹಿಂದೆ ಬೀಳುವುದನ್ನು ಬಿಡಬೇಡಿ.

ಓಡುವ ಗಾಡಿಯನ್ನು ಇನ್ನೊಬ್ಬರಿಗೆ ಮಾರಿದರಂತೂ ಇನ್ನೂ ಎಚ್ಚರ ಬೇಕು. 'ನಮ್ಮವರೇ ಅಲ್ಲವೇ, ಆರ್‌ಸಿ ಆಮೇಲೆ ಬದಲಾಯಿಸಿಕೊಳ್ಳುತ್ತಾರೆ' ಎಂದು ಹಣ ಎಣಿಸಿಕೊಂಡು ಬೀಗದ ಕೈ ಕೊಡುವವರೇ ಹೆಚ್ಚು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೂ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ಪ್ರಕರಣದಲ್ಲಿ ಗಾಡಿ ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು. ಹೆಸರು ಮಾತ್ರ ಮೊದಲಿನವರದ್ದೇ ಉಳಿದಿತ್ತು. ಫಾರಂ 29 ಮತ್ತು 30ಕ್ಕೆ ಇಬ್ಬರೂ ಸಹಿ ಹಾಕಿ ಆರ್‌ಟಿಓ ಕಚೇರಿಗೆ ಸಲ್ಲಿಸಬೇಕು. ರಾಜ್ಯದೊಳಗಿನ ಮಾರಾಟಕ್ಕೆ ಮಾರಿದವರು 14 ದಿನಗಳೊಳಗೆ ತಿಳಿಸಬೇಕೆಂದು ಕಾಯಿದೆಯಲ್ಲಿದೆ. ಗಾಡಿ ನಿಮ್ಮ ಹೆಸರಿನಲ್ಲಿದ್ದರೆ ಸಹಿ ಹಾಕುವ ಮೊದಲು ಫಾರಂನಲ್ಲಿ ಕೊಂಡವರ ಹೆಸರು, ತಾರೀಕು ತುಂಬಿದೆಯೇ ನೋಡಿಕೊಳ್ಳಿ, ಖಾಲಿ ಫಾರಂಗೆ ಸಹಿ ಹಾಕಬೇಡಿ. ಅದರ ಒಂದು ಪ್ರತಿಯನ್ನು ಜೆರಾಕ್ಸ್ ಮಾಡಿಸಿ ಮನೆಯ ಪಟ್ಟೆ, ಪಹಣಿ ಇಡುವ ಪೆಟ್ಟಿಗೆಯಲ್ಲೇ ಇಡಿ.